ಕಾಲೇಜಿಗೆ ಬಸ್ಸೋ, ಬೈಕೋ: ಕೊಡಗಿನ ವಿದ್ಯಾರ್ಥಿಗಳಿಗೊಂದು ಹೋಲಿಕೆ

ಮಡಿಕೇರಿಯಿಂದ ಕುಶಾಲನಗರದ ಕಾಲೇಜಿಗೆ ದಿನವೂ ಹೋಗಿಬರಲು ಸರ್ಕಾರಿ ಬಸ್, ಖಾಸಗಿ ಬಸ್, ಸ್ವಂತ ಬೈಕ್ ಇವುಗಳಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ. ರೈಲುಮಾರ್ಗವಿಲ್ಲದ ಜಿಲ್ಲೆಯಲ್ಲಿ ಆಯ್ಕೆ ಹೆಚ್ಚುಕಡಿಮೆ ಇಷ್ಟೇ.

ಖರ್ಚಿನಲ್ಲಿ ಸರ್ಕಾರಿ ಬಸ್ಸಿಗೆ ಸರಿಸಾಟಿಯಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹುಡುಗರಿಗೆ ರಿಯಾಯಿತಿ ಪಾಸ್ ಇದೆ. ಖಾಸಗಿ ಬಸ್ಸಿನಲ್ಲಿ ಇವೆರಡೂ ನಡೆಯುವುದಿಲ್ಲ. ಒಂದು ಕಡೆಗೇ ಸುಮಾರು 30 ಕಿಲೋಮೀಟರ್ ಇರುವ ಈ ದಾರಿಯಲ್ಲಿ ಬೈಕಿಗೆ ದಿನಕ್ಕೆ ಲೀಟರಿಗೂ ಹೆಚ್ಚು ಪೆಟ್ರೋಲ್ ಬೇಕಾಗಬಹುದು.

ಸಮಯದ ಮಾತು ಬೇರೆ. ಹೆದ್ದಾರಿಯ ಪಕ್ಕದಲ್ಲಿ ಮನೆಯಿರುವವರಿಗೆ ಬಸ್ ಸಾಕು. ಆದರೆ ಕಾಫಿ ತೋಟದ ಒಳಗಿನಿಂದ ಮುಖ್ಯರಸ್ತೆಯವರೆಗೆ ನಡೆದು ಬರಬೇಕಾದವರಿಗೆ, ಅದರಲ್ಲೂ ಸಂಜೆಯ ಪ್ರಾಯೋಗಿಕ ತರಗತಿ ಮುಗಿಯುವಷ್ಟರಲ್ಲಿ ಊರಿನ ಕೊನೆಯ ಬಸ್ ಹೊರಟುಹೋಗಿರುವವರಿಗೆ, ಬೈಕ್ ನಿಜವಾದ ಆಸರೆ. ಕಾಡಾನೆಗಳು ಓಡಾಡುವ ಕಡೆ ಮಾತ್ರ ಕತ್ತಲಾದ ಮೇಲೆ ಒಂಟಿ ಸವಾರಿ ಬೇಡ.

ಮಳೆಗಾಲದಲ್ಲಿ ನನ್ನ ಅಭಿಪ್ರಾಯ ಖಚಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಕವಿದ ತಿರುವುಗಳಲ್ಲಿ, ಮರಗಳು ಉರುಳುವ ಘಟ್ಟದ ರಸ್ತೆಯಲ್ಲಿ ಬೈಕ್ ಓಡಿಸಿರೆಂದು ನಾನು ಯಾರಿಗೂ ಹೇಳಲಾರೆ. ಮುಖ್ಯರಸ್ತೆಯವರೆಗಷ್ಟೇ ಅದನ್ನು ಬಳಸಿ ಮುಂದಕ್ಕೆ ಬಸ್ ಹಿಡಿಯುವುದು ಲೇಸು. ತರಗತಿಯ ವೇಳೆಗೆ ಸರ್ಕಾರಿ ಬಸ್ ಹೊಂದದಿದ್ದರೆ ಖಾಸಗಿ ಬಸ್ಸಿಗೆ ಟಿಕೆಟ್ ಕೊಳ್ಳುವುದೂ ತಪ್ಪಲ್ಲ.