ಚಾರ್ಟ್ ಹಸಿರಾಗಿಯೇ ಇತ್ತು, ಕಣಕಾಲಿನ ಮೂಳೆ ಬಿರುಕು ಬಿಟ್ಟಿತ್ತು: ಆಫ್-ಸೀಸನ್ ಕೋಚಿಂಗ್ ಬಗ್ಗೆ ಎಚ್ಚರಿಕೆ

ಹಾಫ್ ದೂರದ ಟ್ರಯಥ್ಲಾನ್ (1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ) ಮುಗಿಸಿದ್ದ ಹವ್ಯಾಸಿ ಕ್ರೀಡಾಪಟು ಒಬ್ಬರು 16 ವಾರಗಳ ಆನ್‌ಲೈನ್ ಆಫ್-ಸೀಸನ್ (ರೇಸ್‌ಗಳಿಲ್ಲದ ತಿಂಗಳುಗಳ) ಕೋಚಿಂಗ್ ಪ್ಯಾಕೇಜಿಗೆ ಪೂರ್ತಿ ಹಣ ಮುಂಗಡವಾಗಿ ಕಟ್ಟಿದರು. ಏಳನೇ ವಾರ ಎಂಆರ್‌ಐ ವರದಿ ಕೈಗೆ ಬಂತು: ಟಿಬಿಯಾದಲ್ಲಿ, ಅಂದರೆ ಕಣಕಾಲಿನ ದೊಡ್ಡ ಮೂಳೆಯಲ್ಲಿ, ಸ್ಟ್ರೆಸ್ ಫ್ರ್ಯಾಕ್ಚರ್ (ಪದೇಪದೇ ಬೀಳುವ ಪೆಟ್ಟಿನಿಂದಾಗುವ ಸಣ್ಣ ಬಿರುಕು). ಕೋಚ್ ಹೆಸರು ಇಲ್ಲಿ ಬೇಡ, ಇಂಥ ಪ್ಯಾಕೇಜ್ ಮಾರುವವರು ಅವರೊಬ್ಬರೇ ಅಲ್ಲ. ಆ ಕ್ರೀಡಾಪಟುವಿನ ಟ್ರೈನಿಂಗ್ ದಾಖಲೆಯನ್ನು ವಾರವಾರವಾಗಿ ಬಿಡಿಸಿ ನೋಡಿದರೆ ತಪ್ಪು ಎಲ್ಲೆಲ್ಲಿ ಆಯಿತು ಎಂಬುದು ಕಾಣುತ್ತದೆ.

ರೇಸ್ ಆದ ಮೇಲೆ ಆಕೆ ಐದು ವಾರ ಓಡಿರಲಿಲ್ಲ. ಎರಡು ವಾರ ಪೂರ್ತಿ ವಿಶ್ರಾಂತಿ, ಮೂರು ವಾರ ಹಗುರವಾದ ಸೈಕಲ್ ಮತ್ತು ಈಜು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಪ್ಯಾಕೇಜಿನ ಮೊದಲ ವಾರ 18 ಕಿ.ಮೀ. ಓಟ, ಎರಡನೇ ವಾರ 24, ಮೂರನೇ ವಾರ 31, ನಾಲ್ಕನೇ ವಾರ 40. ಇದೇ ನಾಲ್ಕು ವಾರಗಳ ಒಟ್ಟು ಟಿಎಸ್‌ಎಸ್ (ಟ್ರೈನಿಂಗ್ ಸ್ಟ್ರೆಸ್ ಸ್ಕೋರ್, ಅಂದರೆ ಮೂರೂ ಅಭ್ಯಾಸಗಳ ಹೊರೆಯನ್ನು ಒಂದೇ ಅಂಕೆಯಲ್ಲಿ ಹೇಳುವ ಲೆಕ್ಕ) 380, 400, 415, 430. "ಆಫ್-ಸೀಸನ್‌ನಲ್ಲಿ ಈಜಿನಿಂದ ಲಾಭ ಕಡಿಮೆ" ಎಂದು ಎರಡನೇ ವಾರದಿಂದ ಈಜನ್ನು ಕಡಿಮೆ ಮಾಡುತ್ತಾ, ನಾಲ್ಕನೇ ವಾರಕ್ಕೆ ಪೂರ್ತಿ ನಿಲ್ಲಿಸಿ, ಆ ಸಮಯವನ್ನು ಓಟಕ್ಕೆ ಕೊಡಲಾಗಿತ್ತು. ಹಾಗಾಗಿ ಒಟ್ಟು ಹೊರೆ ವಾರಕ್ಕೆ ಶೇ 4–5ರಷ್ಟು ಮಾತ್ರ ಏರಿದಂತೆ ಟ್ರೈನಿಂಗ್ ಆ್ಯಪ್‌ನ ಚಾರ್ಟ್ ತೋರಿಸಿತು. ಓಟ ಮಾತ್ರ ಎರಡು ಪಟ್ಟು ದಾಟಿತ್ತು.

ತಪ್ಪಿನ ಬೇರು ಇಲ್ಲೇ ಇದೆ. ಎಫ್‌ಟಿಪಿ (ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಗರಿಷ್ಠ ವ್ಯಾಟ್) ಮಟ್ಟದಲ್ಲಿ ಒಂದು ಗಂಟೆ ಸೈಕಲ್ ತುಳಿದರೆ 100 ಟಿಎಸ್‌ಎಸ್. ಓಟಕ್ಕೂ ಈಜಿಗೂ ಅದೇ ಲೆಕ್ಕವನ್ನು ವೇಗದ ಆಧಾರದ ಮೇಲೆ ಹೊಂದಿಸಿಕೊಳ್ಳುತ್ತಾರೆ. ಅದು ಶ್ರಮದ ತೀವ್ರತೆಯನ್ನು ಅಳೆಯುತ್ತದೆ, ಕಾಲು ನೆಲಕ್ಕೆ ಬಡಿಯುವ ಪೆಟ್ಟನ್ನಲ್ಲ. ಈಜಿನ 50 ಟಿಎಸ್‌ಎಸ್ ತೆಗೆದು ಓಟದ 50 ಹಾಕಿದರೆ ಚಾರ್ಟ್‌ನ ಗೆರೆ ಅಲುಗುವುದಿಲ್ಲ, ಆದರೆ ಮೂಳೆಗೆ ಸಾವಿರಾರು ಹೆಜ್ಜೆಗಳ ಹೊಸ ಹೊಡೆತ ಬೀಳುತ್ತದೆ. ಟ್ರಯಥ್ಲೀಟ್‌ಗಳಿಗೆ ಈ ಅಪಾಯ ಬರೀ ಓಟಗಾರರಿಗಿಂತ ಹೆಚ್ಚು. ಸೈಕಲ್ ಮತ್ತು ಈಜಿನಿಂದ ಹೃದಯ, ಶ್ವಾಸಕೋಶ ಚೆನ್ನಾಗಿಯೇ ಉಳಿದಿರುತ್ತವೆ, ಹಾಗಾಗಿ ಐದು ವಾರ ಬಿಟ್ಟು ಓಡಿದರೂ ಏದುಸಿರು ಬರುವುದಿಲ್ಲ, ಹಳೆಯ ವೇಗ ಸಲೀಸಾಗಿ ಬರುತ್ತದೆ. ಮೂಳೆಯ ಲೆಕ್ಕ ಬೇರೆ. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ಹಳೆಯ ಅಂಶವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವಿನ ಕೆಲವು ವಾರ ಅದು ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಕಾಲು ಹಗುರವಾಯಿತು, ಫಾರ್ಮ್ ಮರಳಿತು ಅನ್ನಿಸುವುದೂ ಸರಿಯಾಗಿ ಆ ವಾರಗಳಲ್ಲೇ.

ಸಾಲದ್ದಕ್ಕೆ ವಾರಕ್ಕೆ ಎರಡು ದಿನ "ಸ್ಟ್ರೆಂತ್" ಹೆಸರಿನಲ್ಲಿ ಬಾಕ್ಸ್ ಜಂಪ್ (ಎತ್ತರದ ಪೆಟ್ಟಿಗೆ ಮೇಲೆ ಜಿಗಿದು ಇಳಿಯುವುದು), 20ರ ಐದು ಸೆಟ್. ವಾರಕ್ಕೆ 200 ಬಾರಿ ನೆಲಕ್ಕೆ ಇಳಿಯುವ ಪೆಟ್ಟು. ಚಾರ್ಟ್‌ನಲ್ಲಿ ಅದರ ಟಿಎಸ್‌ಎಸ್ ಸೊನ್ನೆ.

ಎರಡನೇ ತಪ್ಪು ಎಫ್‌ಟಿಪಿಯದು. ರೇಸ್‌ಗೆ ಮುಂಚೆ, ಫಾರ್ಮ್ ತುದಿಯಲ್ಲಿದ್ದಾಗ ಬಂದ 215 ವ್ಯಾಟ್ ಅನ್ನೇ ಪ್ಯಾಕೇಜಿಗೂ ಇಟ್ಟುಕೊಂಡರು. ಕೊನೆಗೂ ಟೆಸ್ಟ್ ಮಾಡಿದಾಗ ಬಂದದ್ದು 195. 215ಕ್ಕೆ ಸ್ವೀಟ್ ಸ್ಪಾಟ್, ಅಂದರೆ ಶೇ 88–94, ಎಂದರೆ 189ರಿಂದ 202 ವ್ಯಾಟ್. 195ರ ಕಾಲಿಗೆ ಅದು ಶೇ 97ರಿಂದ 104. ಹಾಳೆಯ ಮೇಲೆ ಮಧ್ಯಮ ಶ್ರಮ ಎಂದು ಬರೆದಿದ್ದು ವಾಸ್ತವದಲ್ಲಿ ಪ್ರತಿ ಬಾರಿಯೂ ಥ್ರೆಶೋಲ್ಡ್, ಅಂದರೆ ಎಫ್‌ಟಿಪಿ ಮಟ್ಟದ ಕಠಿಣ ಶ್ರಮ, ಆಗಿತ್ತು. ಸ್ಮಾರ್ಟ್ ಟ್ರೈನರ್ (ಮನೆಯೊಳಗೆ ಸೈಕಲ್ ಜೋಡಿಸಿ ತುಳಿಯುವ ಯಂತ್ರ) ಅರ್ಗ್ ಮೋಡ್‌ನಲ್ಲಿದ್ದರೆ, ಅಂದರೆ ವ್ಯಾಟ್ ಅನ್ನು ಯಂತ್ರವೇ ಹಿಡಿದಿಡುವಂತಿದ್ದರೆ, ಇದು ಇನ್ನೂ ಕೆಟ್ಟದ್ದು. ಕಾಲು ಸೋತು ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಸುತ್ತು) ಇಳಿದಷ್ಟೂ ಯಂತ್ರ ಅದೇ ವ್ಯಾಟ್ ಹಿಡಿಯಲು ಪೆಡಲ್ ಅನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹೊರೆಯ ಲೆಕ್ಕವೂ ಸುಳ್ಳಾಗುತ್ತದೆ: 195 ವ್ಯಾಟ್‌ನಲ್ಲಿ ಒಂದು ಗಂಟೆ ತುಳಿದರೆ ನಿಜಕ್ಕೂ 100 ಟಿಎಸ್‌ಎಸ್, ಆದರೆ ಎಫ್‌ಟಿಪಿ 215 ಎಂದು ನಮೂದಾಗಿದ್ದರೆ ಆ್ಯಪ್ 82 ಎಂದು ಬರೆದುಕೊಳ್ಳುತ್ತದೆ. ವಿಶ್ರಾಂತಿಯ ನಂತರದ ಮೊದಲ ಎರಡು ವಾರಗಳೊಳಗೆ ಹೊಸ ಟೆಸ್ಟ್ ಆಗಲೇಬೇಕು. 20 ನಿಮಿಷ ಪೂರ್ಣ ಶಕ್ತಿಯಿಂದ ತುಳಿದ ಸರಾಸರಿಯ ಶೇ 95 ಅಥವಾ ರ‍್ಯಾಂಪ್ ಟೆಸ್ಟ್‌ನ (ಸೋಲುವವರೆಗೂ ವ್ಯಾಟ್ ಏರಿಸುತ್ತಾ ಹೋಗುವ ಪರೀಕ್ಷೆ) ಕೊನೆಯ ನಿಮಿಷದ ಶೇ 75, ಯಾವುದಾದರೂ ಆಗಬಹುದು, ಆದರೆ ಮುಂದೆಯೂ ಅದೇ ಟೆಸ್ಟ್, ಅದೇ ಟ್ರೈನರ್. ಈಜಿಗೆ 400 ಮತ್ತು 200 ಮೀಟರ್ ಎರಡನ್ನೂ ಪೂರ್ಣ ಶಕ್ತಿಯಿಂದ ಈಜಿ ಸಮಯಗಳನ್ನು ಕಳೆಯಿರಿ. 8:40 ಮತ್ತು 4:10 ಬಂದರೆ ವ್ಯತ್ಯಾಸ 4:30, ಅದರ ಅರ್ಧ 2:15. ಅದು 100 ಮೀಟರ್‌ಗೆ ನಿಮ್ಮ ಸಿಎಸ್‌ಎಸ್ (ಕ್ರಿಟಿಕಲ್ ಸ್ವಿಮ್ ಸ್ಪೀಡ್, ಈಜಿನ ಥ್ರೆಶೋಲ್ಡ್) ವೇಗ.

ಮೂರನೆಯದು ಊಟ. ಬಹಳ ನೋವಿನಿಂದ ಹೇಳಬೇಕಾದ ಭಾಗ ಇದು. "ರೇಸ್ ತೂಕ ಈಗಲೇ ತನ್ನಿ" ಎಂದು ದಿನಕ್ಕೆ 1,900 ಕ್ಯಾಲೊರಿಯ ಮಿತಿ ಹಾಕಲಾಗಿತ್ತು. ವ್ಯಾಯಾಮಕ್ಕೆ ಖರ್ಚು ಸರಾಸರಿ 700. ಉಳಿದದ್ದು 1,200. ಆಕೆಯ ತೂಕ 60 ಕೆ.ಜಿ., ಕೊಬ್ಬು ಕಳೆದು 48. 1,200 ಭಾಗಿಸು 48 ಎಂದರೆ ಕೆ.ಜಿ.ಗೆ 25 ಕ್ಯಾಲೊರಿ. ಕೊಬ್ಬುರಹಿತ ತೂಕದ ಪ್ರತಿ ಕೆ.ಜಿ.ಗೆ 45ರ ಆಸುಪಾಸು ಇದ್ದರೆ ದೇಹದ ಎಲ್ಲ ಕೆಲಸಕ್ಕೂ ಸಾಕು; 30ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಹಾರ್ಮೋನು, ಮುಟ್ಟು, ಮೂಳೆ ಕಟ್ಟುವ ಕೆಲಸ ಎಲ್ಲಕ್ಕೂ ಏಟು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ (ಕ್ರೀಡೆಯಲ್ಲಿ ಶಕ್ತಿಯ ಕೊರತೆ) ಎಂದು ಹೆಸರಿಟ್ಟದ್ದು ಇದೇ ಸ್ಥಿತಿಗೆ, ಗಂಡಸರಿಗೂ ಇದು ಬರುತ್ತದೆ. ಆಕೆಗೆ ಎರಡು ತಿಂಗಳಿಂದ ಮುಟ್ಟು ನಿಂತಿತ್ತು. ಸೇರುವಾಗ ತುಂಬಿಸಿಕೊಂಡ ಅರ್ಜಿಯಲ್ಲಿ ಶೂ ಸೈಜ್ ಕೇಳಿದ್ದರು, ಮುಟ್ಟಿನ ಬಗ್ಗೆಯಾಗಲಿ ಹಿಂದಿನ ಮೂಳೆ ಗಾಯಗಳ ಬಗ್ಗೆಯಾಗಲಿ ಒಂದು ಪ್ರಶ್ನೆಯೂ ಇರಲಿಲ್ಲ. ಓಟ ಏರಿಸುವ ವಾರಗಳಲ್ಲೇ ಊಟ ಇಳಿಸುವ ಯಾವ ಯೋಜನೆಯನ್ನೂ ಒಪ್ಪಬೇಡಿ.

ಐದನೇ ವಾರ ನೋವು ಶುರುವಾಯಿತು. "ಶಿನ್ ಸ್ಪ್ಲಿಂಟ್ ಇರಬೇಕು, ಐಸ್ ಇಡಿ, ಓಡುವ ಮುಂಚೆ ನೋವಿನ ಮಾತ್ರೆ ತಗೊಳ್ಳಿ" ಎಂದು ಮೆಸೇಜ್ ಬಂತು. ಆರನೇ ವಾರ 5 ಕಿ.ಮೀ. ಟೈಮ್ ಟ್ರಯಲ್‌ ಕೂಡ ಓಡಿಸಿದರು. ಶಿನ್ ಸ್ಪ್ಲಿಂಟ್‌ಗೂ (ಮೂಳೆಯ ಅಂಚಿನ ಸವೆತದ ನೋವು) ಸ್ಟ್ರೆಸ್ ಫ್ರ್ಯಾಕ್ಚರ್‌ಗೂ ಇರುವ ವ್ಯತ್ಯಾಸ ತಿಳಿದಿರಲಿ. ಶಿನ್ ಸ್ಪ್ಲಿಂಟ್ ನೋವು ಕಣಕಾಲಿನ ಒಳಅಂಚಿನುದ್ದಕ್ಕೂ ಹರಡಿರುತ್ತದೆ, ಒತ್ತಿ ನೋಡಿದರೆ ಐದು ಸೆಂಟಿಮೀಟರ್ ಅಥವಾ ಹೆಚ್ಚು ಉದ್ದ. ಮೈ ಬಿಸಿಯಾದಂತೆ ಹಲವರಿಗೆ ಕಡಿಮೆಯಾಗುತ್ತದೆ. ಸ್ಟ್ರೆಸ್ ಫ್ರ್ಯಾಕ್ಚರ್ ನೋವನ್ನು ಒಂದೇ ಬೆರಳ ತುದಿಯಲ್ಲಿ ತೋರಿಸಬಹುದು, ಓಡಿದಷ್ಟೂ ಹೆಚ್ಚುತ್ತದೆ, ಮುಂದೆ ನಡೆದರೂ, ರಾತ್ರಿ ಮಲಗಿದರೂ ಇರುತ್ತದೆ. ಮಾತ್ರೆ ನುಂಗಿ ಓಡಿದರೆ ಈ ಗುರುತೇ ಅಳಿಸಿಹೋಗುತ್ತದೆ. ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಬಿರುಕು ಕಾಣದಿರುವುದೇ ಹೆಚ್ಚು, ಆಕೆಯದ್ದೂ "ನಾರ್ಮಲ್" ಬಂದಿತ್ತು. ಅದನ್ನೇ ಹಿಡಿದು ಇನ್ನೊಂದು ವಾರ ಓಡಿಸಿದ್ದೇ ದೊಡ್ಡ ಅನ್ಯಾಯ. ನೋವು ತೊಡೆಸಂದಿಯಲ್ಲಿದ್ದರೆ, ಹೆಜ್ಜೆ ಊರಿದಾಗ ಹೆಚ್ಚುತ್ತಿದ್ದರೆ, ಅಂದೇ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಿ. ತೊಡೆಮೂಳೆಯ ಕತ್ತಿನಲ್ಲಿ ಬಿರುಕಾಗಿದ್ದರೆ ಅದು ಪೂರ್ತಿ ಮುರಿದು ಶಸ್ತ್ರಚಿಕಿತ್ಸೆಗೆ ಹೋಗಬಹುದು.

ಅದೇ ಪ್ಯಾಕೇಜಿನ ಈಜಿನ ಹಾಳೆಯಲ್ಲಿದ್ದ ಇನ್ನೊಂದನ್ನು ಬಿಡುವಂತಿಲ್ಲ. ಉಸಿರು ಬಿಗಿಹಿಡಿದು 25 ಮೀಟರ್, ಎಂಟು ಬಾರಿ, "ಶುರುವಿಗೆ ಮುಂಚೆ ಹತ್ತು ಸಲ ಜೋರಾಗಿ ಉಸಿರಾಡಿ." ಇದನ್ನು ಯಾರೂ ಮಾಡಬಾರದು. ಜೋರಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಉಸಿರು ಬೇಕು ಎಂದು ದೇಹಕ್ಕೆ ಎಚ್ಚರಿಸುವುದು ಮುಖ್ಯವಾಗಿ ಅದೇ. ಎಚ್ಚರಿಕೆ ಬರುವ ಮುಂಚೆಯೇ ಆಮ್ಲಜನಕ ಮುಗಿದು ನೀರೊಳಗೆ ಪ್ರಜ್ಞೆ ತಪ್ಪುತ್ತದೆ. ಕೈಕಾಲು ಬಡಿಯುವುದೂ ಇಲ್ಲ, ಪಕ್ಕದ ಲೇನ್‌ನಲ್ಲಿರುವವರಿಗೂ ಗೊತ್ತಾಗುವುದಿಲ್ಲ.

"ನಿಮಗಾಗಿಯೇ ಬರೆದ ಯೋಜನೆ" ಎಂದು ಮಾರಿದ್ದ ಈ ಪ್ಯಾಕೇಜಿನ ಅಸಲಿಯತ್ತು ಗೊತ್ತಾದದ್ದು ಇಬ್ಬರು ಸದಸ್ಯರು ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ. ಒಬ್ಬರು 24 ವರ್ಷದ, ಸ್ಪ್ರಿಂಟ್ ಎಂಬ ಚಿಕ್ಕ ದೂರದ ಟ್ರಯಥ್ಲಾನ್‌ನವರು, ಇನ್ನೊಬ್ಬರು ಈಕೆ, 43. ದಿನ, ನಿಮಿಷ, ಸೆಟ್ ಎಲ್ಲ ಒಂದೇ. ವ್ಯಾಟ್ ಸಂಖ್ಯೆ ಮಾತ್ರ ಬೇರೆ. ಹಣ ಕಟ್ಟುವ ಮುಂಚೆ ಕೋಚ್‌ಗೆ ಇಷ್ಟು ಕೇಳಿ: ನನ್ನ ಕಳೆದ 12 ವಾರದ ಓಟದ ಕಿಲೋಮೀಟರ್ ನೋಡಿದ್ದೀರಾ? ಓಟದ ಹೊರೆಯನ್ನು ಬೇರೆ ಅಂಕಣದಲ್ಲಿ ಇಡುತ್ತೀರಾ? ನಾನು ಮೂರು ದಿನ ತಪ್ಪಿಸಿದರೆ ಮುಂದಿನ ವಾರ ಏನು ಬದಲಾಗುತ್ತದೆ? ಕೊನೆಯ ಪ್ರಶ್ನೆಗೆ "ತಪ್ಪಿದ್ದನ್ನು ವಾರಾಂತ್ಯಕ್ಕೆ ಸೇರಿಸಿ" ಎಂಬ ಉತ್ತರ ಬಂದರೆ ಅಲ್ಲಿಂದ ಹೊರಡಿ.

ಐದು ವಾರ ಬಿಟ್ಟ ಕಾಲಿಗೆ ನಾವು ಸೂಚಿಸುವುದು ಹೀಗೆ. ಮೊದಲ ಎರಡು ವಾರ, ವಾರಕ್ಕೆ ಮೂರು ದಿನ, ಎರಡು ದಿನ ಸತತವಾಗಿ ಓಡದೆ, 3 ನಿಮಿಷ ಓಟ 2 ನಿಮಿಷ ನಡಿಗೆ, ಐದು ಸುತ್ತು. ಮೂರನೇ ವಾರದಿಂದ ನಿಲ್ಲದೆ 25–30 ನಿಮಿಷ, ಮಾತಾಡಿಕೊಂಡು ಓಡುವ ವೇಗ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಏರಿಸಿ: ಮೊದಲು ದಿನಗಳು, ನಂತರ ಉದ್ದ, ಕೊನೆಗೆ ವೇಗ. ಯಾವುದೇ ಒಂದು ಓಟ ಕಳೆದ 30 ದಿನಗಳ ಅತಿ ಉದ್ದದ ಓಟಕ್ಕಿಂತ ಶೇ 10ಕ್ಕಿಂತ ಹೆಚ್ಚು ಉದ್ದವಾಗದಿರಲಿ. ನಾಲ್ಕು ವಾರಕ್ಕೊಮ್ಮೆ ಓಟವನ್ನು ಮೂರನೇ ಒಂದು ಭಾಗ ಇಳಿಸಿ. ಹೀಗೆ ವಾರಕ್ಕೆ 40 ಕಿ.ಮೀ. ಮುಟ್ಟಲು 10–12 ವಾರ ಹಿಡಿಯುತ್ತದೆ. ಕಾಫ್ ರೈಸ್ (ಹಿಮ್ಮಡಿ ಎತ್ತಿ ಇಳಿಸುವುದು) ಅನ್ನು ಮಂಡಿ ನೇರವಾಗಿಟ್ಟು ಒಂದು, ಬಗ್ಗಿಸಿ ಒಂದು, ತಲಾ 12ರ ಮೂರು ಸೆಟ್, ವಾರಕ್ಕೆ ಎರಡು ದಿನ. ಜಿಗಿತ ಆಮೇಲೆ ನೋಡೋಣ. ಈಜನ್ನಂತೂ ಬಿಡಲೇಬೇಡಿ: ಪೆಟ್ಟಿಲ್ಲದೆ ತಂತ್ರ ತಿದ್ದಿಕೊಳ್ಳಲು ಇದೇ ಕಾಲ, ವಾರಕ್ಕೆ 40 ನಿಮಿಷದ ಮೂರು ಸಲ ಸಾಕು.

ಹಣ ತಿಂಗಳಿಗೊಮ್ಮೆ ಕಟ್ಟಿ. ಗಾಯವಾದರೆ ನಿಲ್ಲಿಸುವ, ಉಳಿದ ಹಣ ವಾಪಸ್ ಮಾಡುವ ಷರತ್ತು ಬರಹದಲ್ಲಿರಲಿ. ಈಕೆಗೆ ಉಳಿದ ಒಂಬತ್ತು ವಾರಗಳ ಹಣ ಸಿಗಲಿಲ್ಲ. ಟ್ರೈನಿಂಗ್ ಖಾತೆ ನಿಮ್ಮ ಹೆಸರಿನಲ್ಲೇ ತೆರೆದು ಕೋಚ್‌ಗೆ ನೋಡುವ ಅನುಮತಿ ಮಾತ್ರ ಕೊಡಿ. ಈ ಪ್ರಕರಣದಲ್ಲಿ ಖಾತೆ ಕೋಚ್ ಕೈಯಲ್ಲಿತ್ತು, ಜಗಳವಾದ ಮರುದಿನವೇ ಮುಚ್ಚಿತು. ವೈದ್ಯರಿಗೆ ಬೇಕಾಗಿದ್ದ ಓಟದ ಲೆಕ್ಕವನ್ನು ಗಡಿಯಾರದಲ್ಲಿ ಉಳಿದಿದ್ದ ಫೈಲ್‌ಗಳಿಂದ ಒಂದೊಂದಾಗಿ ಹೆಕ್ಕಿ ಜೋಡಿಸಬೇಕಾಯಿತು.