ಸಾವಿರ ವರ್ಷದ ಆಳ್ವಿಕೆ ಬಗ್ಗೆ ಒಂದು ವಿಡಿಯೊ ಕೋರ್ಸ್: ನನ್ನ ಅನಿಸಿಕೆ

ಕಡೇ ಕಾಲದ ಬಗ್ಗೆ ಕ್ರೈಸ್ತರಲ್ಲಿರುವ ಬೇರೆ ಬೇರೆ ನಂಬಿಕೆಗಳನ್ನು ಹೋಲಿಸುವ ಕೋರ್ಸ್ ಇದು. ಪೂರ್ತಿ ನೋಡಿದೆ, ತುಂಬಾ ಇಷ್ಟವಾಯಿತು.

ಶುರುವಾಗುವುದೇ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯದಿಂದ. 2ರಿಂದ 7ನೇ ವಚನದೊಳಗೆ 'ಸಾವಿರ ವರ್ಷ' ಆರು ಸಲ ಬರುತ್ತದೆ, ಒಂದೊಂದಕ್ಕೂ ಗೆರೆ ಎಳೆದು ತೋರಿಸುತ್ತಾರೆ. ಕ್ರಿಸ್ತನು ಮೊದಲು ಬಂದು ಆಮೇಲೆ ಸಾವಿರ ವರ್ಷ ಆಳುತ್ತಾನೆ ಅನ್ನುವವರು ಪ್ರಿಮಿಲೆನಿಯಲ್, ಸುವಾರ್ತೆ ಲೋಕವನ್ನೆಲ್ಲ ಮುಟ್ಟಿ ಒಳ್ಳೆಯ ಕಾಲ ಬಂದ ಮೇಲೆ ಬರುತ್ತಾನೆ ಅನ್ನುವವರು ಪೋಸ್ಟ್‌ಮಿಲೆನಿಯಲ್, ಅದು ಸಂಕೇತ ಅಷ್ಟೇ, ಆ ಆಳ್ವಿಕೆ ಈಗಲೇ ನಡೆಯುತ್ತಿದೆ ಅನ್ನುವವರು ಅಮಿಲೆನಿಯಲ್. ಇಷ್ಟು ಸಲೀಸಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆದಿ ಸಭೆಯ ಬರಹಗಾರ ಜಸ್ಟಿನ್ ಮಾರ್ಟರ್ ಬಗ್ಗೆ ಇರುವ ಭಾಗ ಮನಸ್ಸಿಗೆ ನಾಟಿತು. 2ನೇ ಶತಮಾನದಲ್ಲೇ ಅವರು ಸಾವಿರ ವರ್ಷವನ್ನು ನಂಬಿದ್ದರು, ಆದರೂ ಹಾಗೆ ನಂಬದ ನಿಜವಾದ ಕ್ರೈಸ್ತರು ಬಹಳ ಜನ ಇದ್ದಾರೆ ಅಂತ ಒಪ್ಪಿಕೊಂಡಿದ್ದರು. ಎಂಥ ದೊಡ್ಡ ಮನಸ್ಸು ಅಲ್ವಾ? ಆಮೇಲಿನ ಕಾಲದ ಹೆಸರಾಂತ ಬಿಷಪ್ ಆಗಸ್ಟೀನ್ ಕೂಡ ಮೊದಲು ಸಾವಿರ ವರ್ಷವನ್ನೇ ನಂಬಿ ಆಮೇಲೆ ಅಭಿಪ್ರಾಯ ಬದಲಿಸಿದವರು.

ಒಂದೇ ಬೇಜಾರು. 1830ರ ದಶಕದಲ್ಲಿ ಡಾರ್ಬಿ ಎಂಬ ಬೋಧಕ ಹರಡಿದ ಬೋಧನೆಯನ್ನೂ ಹಳೆಯ ಪ್ರಿಮಿಲೆನಿಯಲ್ ನಂಬಿಕೆಯನ್ನೂ ಒಂದೇ ಪಾಠದಲ್ಲಿ ಕಲಸಿಬಿಟ್ಟಿದ್ದಾರೆ. ಕಡೇ ಕಾಲದ ಘೋರ ಕಷ್ಟವಾದ ಮಹಾಸಂಕಟಕ್ಕೆ ಮುಂಚೆಯೇ ಕ್ರಿಸ್ತನು ಸಭೆಯನ್ನು, ಅಂದರೆ ವಿಶ್ವಾಸಿಗಳನ್ನು, ಗುಟ್ಟಾಗಿ ಎತ್ತಿಕೊಳ್ಳುತ್ತಾನೆ ಅನ್ನುವುದು ಡಾರ್ಬಿ ಕಡೆಯವರ ಮಾತು, ಹಳಬರದ್ದಲ್ಲ. ಹೊಸಬರು ಆ ಪಾಠವನ್ನು ಎರಡು ಸಲ ನೋಡಿ.