ನೆಲ ಬೆಚ್ಚಗಿದೆ ಅಂತ ಖುಷಿಪಡಬೇಡಿ: ಮನೆ ರಿಪೇರಿ ಮಾಡಿಸುವವರು ದಯವಿಟ್ಟು ಓದಿ

ಸಂಕ್ರಾಂತಿಗೆ ಮುಂಚಿನ ಒಂದು ಬೆಳಿಗ್ಗೆ. ಬಚ್ಚಲುಮನೆಯಿಂದ ಬಂದ ಅಮ್ಮ ಪ್ಯಾಸೇಜಿನಲ್ಲೇ ನಿಂತುಬಿಟ್ಟರು. "ಇಲ್ಲಿ ಕಾಲಿಟ್ಟು ನೋಡೇ, ಎಷ್ಟು ಬೆಚ್ಚಗಿದೆ" ಅಂದರು. ನಾನೂ ಕಾಲಿಟ್ಟೆ. ನಿಜ. ಅಕ್ಕಪಕ್ಕದ ಟೈಲ್ಸ್ ಕೊರೆಯುತ್ತಿದ್ದವು, ಅದೊಂದು ಮಾತ್ರ ಹಿತವಾಗಿತ್ತು. ಆಮೇಲೆ ಎರಡು ವಾರ ಅಮ್ಮ ಅಲ್ಲೇ ನಿಂತು ಕಾಫಿ ಕುಡಿದರು. ಆ ಎರಡು ವಾರವೂ ಆ ಟೈಲ್ಸ್ ಕೆಳಗೆ ಸೋಲಾರಿನ ಬಿಸಿನೀರು ಸೋರುತ್ತಿತ್ತು.

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿದೆ. ಅಪ್ಪ 1979ರಲ್ಲಿ ಕಟ್ಟಿಸಿದ್ದು. ಹಳೆಯ ಜಿಐ ಪೈಪುಗಳು, ಅಂದರೆ ಸತು ಲೇಪಿಸಿದ ಕಬ್ಬಿಣದವು, ಒಳಗೇ ತುಕ್ಕು ಹಿಡಿದಿದ್ದವು. ಬೆಳಿಗ್ಗೆ ಮೊದಲು ನಲ್ಲಿ ತಿರುಗಿಸಿದರೆ ಕೆಂಚು ನೀರು ಬರುತ್ತಿತ್ತು. ಅಡುಗೆಮನೆಯಲ್ಲಂತೂ ದಾರದಷ್ಟು ಧಾರೆ. ಪೈಪು ಬದಲಿಸಲೇಬೇಕಿತ್ತು. ಹೇಗೂ ಕೆಲಸ ನಡೆಯುತ್ತದಲ್ಲ ಅಂತ ನೆಲಕ್ಕೂ ಟೈಲ್ಸ್ ಹಾಕಿಸಲು ಹೊರಟೆವು. ದಸರಾಕ್ಕೆ ನೆಂಟರು ಬರುವಷ್ಟರಲ್ಲಿ ಮುಗಿಸಿಕೊಡಿ ಅಂತ ನಾವೇ ಗಡುವು ಹಾಕಿದೆವು. ಅವಸರದ ಆ ಗಡುವು ಎಷ್ಟು ದುಬಾರಿಯಾಯಿತು ಅಂತ ಈಗ ಗೊತ್ತಾಗಿದೆ.

ಗುತ್ತಿಗೆದಾರರ ಹೆಸರು ಬರೆಯುವುದಿಲ್ಲ. ಪ್ಲಂಬಿಂಗ್, ಟೈಲ್ಸ್, ಬಣ್ಣ ಎಲ್ಲ ಸೇರಿಸಿ ಒಂದೇ ಮೊತ್ತ ಹೇಳಿದರು. ಸಾಮಾನೆಲ್ಲ ಅವರದೇ. ನಮಗೆ ಓಡಾಟ ತಪ್ಪಿತು ಅಂತ ಒಪ್ಪಿಕೊಂಡೆವು. ಯಾವ ಪೈಪು, ಎಷ್ಟು ಅಡಿ, ಎಲ್ಲಿಂದ ಎಲ್ಲಿಗೆ ಅಂತ ಕಾಗದದಲ್ಲಿ ಏನೂ ಇರಲಿಲ್ಲ.

ಸೋಲಾರಿನ ಬಿಸಿನೀರನ್ನು ಅಡುಗೆಮನೆಯ ಸಿಂಕಿಗೂ ಕೊಡಬೇಕಿತ್ತು. ಗೋಡೆ ಕೊರೆದರೆ ತಡವಾಗುತ್ತೆ ಅಂತ ಪ್ಯಾಸೇಜಿನ ನೆಲದಲ್ಲೇ ಕಾಲುವೆ ತೆಗೆದರು. ಒಂದು ಸಂಜೆ ನಾನು ಸ್ಕೂಲಿನಿಂದ ಬಂದಾಗ ಆ ಕಾಲುವೆ ಇನ್ನೂ ತೆರೆದೇ ಇತ್ತು. ಕೆನೆ ಬಣ್ಣದ ಪೈಪಿನ ನಡುವೆ ಐದಾರು ಅಡಿ ಬಿಳಿ ಪೈಪು ಕಾಣಿಸಿತು. ಕೇಳಿದೆ. "ಅದು ಖಾಲಿ ಆಯ್ತು ಮೇಡಂ, ಇದೂ ಒಳ್ಳೇ ಪೈಪೇ, ಬಣ್ಣ ಬೇರೆ ಅಷ್ಟೇ" ಅಂದರು. ನಾನು ತಲೆಯಾಡಿಸಿ ಒಳಗೆ ಹೋದೆ. ಮರುದಿನ ಬೆಳಿಗ್ಗೆ ಸಿಮೆಂಟು ಮುಚ್ಚಿತು, ಸಂಜೆಗೆ ಟೈಲ್ಸ್ ಬಂತು.

ಬಣ್ಣ ಬೇರೆ ಅಷ್ಟೇ ಅಲ್ಲ. ಕೆನೆ ಬಣ್ಣದ್ದು ಸಾಮಾನ್ಯವಾಗಿ ಸಿಪಿವಿಸಿ. ಸುಮಾರು 93 ಡಿಗ್ರಿ ಬಿಸಿಯವರೆಗೂ ತಡೆಯುವಂತೆ ಮಾಡಿದ್ದು. ಬಿಳಿಯದು ಯುಪಿವಿಸಿ, ತಣ್ಣೀರಿಗೆ ಮಾತ್ರ. 60 ಡಿಗ್ರಿ ದಾಟಿದರೆ ಅದು ಮೆತ್ತಗಾಗುತ್ತಾ ಬರುತ್ತದೆ, ಜಾಯಿಂಟ್ ಸಡಿಲವಾಗುತ್ತದೆ. ಒಳ್ಳೆಯ ಬಿಸಿಲಿನ ದಿನ ಸೋಲಾರ್ ಟ್ಯಾಂಕಿನ ನೀರು ಅದನ್ನು ಸುಲಭವಾಗಿ ದಾಟುತ್ತದೆ. ಎರಡು ದಿನ ಊರಿಗೆ ಹೋಗಿ ನೀರು ಬಳಸದಿದ್ದರಂತೂ ಇನ್ನೂ ಜಾಸ್ತಿ. ಅಂಟಿಸುವ ಗಮ್ ಕೂಡ ಎರಡಕ್ಕೂ ಬೇರೆ ಬೇರೆ. ಪೈಪಿನ ಹೊರ ಅಳತೆಯೂ ಬೇರೆ, ಹಾಗಾಗಿ ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ. ನಮ್ಮಲ್ಲಿ ನಡುವೆ ಪ್ಲಾಸ್ಟಿಕ್ಕಿನ ಥ್ರೆಡ್ ಜಾಯಿಂಟ್ ಹಾಕಿ ಹೇಗೋ ಸೇರಿಸಿದ್ದರು. ಬಣ್ಣದ ಮೇಲೆ ಪೂರ್ತಿ ನಂಬಿಕೆ ಬೇಡ. ಪೈಪಿನ ಮೈಮೇಲೆ ಅದು ಏನು ಅಂತ ಅಚ್ಚು ಹಾಕಿರುತ್ತಾರೆ, ಮುಚ್ಚುವ ಮುಂಚೆ ಅದನ್ನು ಓದಿ. ಪ್ರತಿ ತುಂಡನ್ನೂ ಓದಿ. ನಾನು ಕಣ್ಣಾರೆ ನೋಡಿದ್ದೆ, ಕೇಳಿಯೂ ಇದ್ದೆ. ಗೊತ್ತಿರಲಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಬೆಚ್ಚನೆ ಟೈಲ್ಸ್ ಆದಮೇಲೆ ಮೋಟರು ದಿನಕ್ಕೆ ಎರಡು ಸಲ ಹಾಕುವಂತಾಯಿತು. ಪಕ್ಕದ ಬೆಡ್‌ರೂಮಿನ ಗೋಡೆ ಕೆಳಗಿನಿಂದ ಒಂದು ಗೇಣು ಬಣ್ಣ ಉಬ್ಬಿತು. ಆ ಗೋಡೆಗೆ ಒರಗಿದ್ದ ಬೀರುವಿನ ಪ್ಲೈವುಡ್ ಊದಿಕೊಂಡು ಬಾಗಿಲು ಮುಚ್ಚದಾಯಿತು. ಕೆಳಗಿನ ಅರೆಯಲ್ಲಿ ಅಮ್ಮ ಮದುವೆಯ ಮೈಸೂರು ರೇಷ್ಮೆ ಸೀರೆ ಇಟ್ಟಿದ್ದರು. ಮಡಿಕೆಯ ಉದ್ದಕ್ಕೂ ಬೂಷ್ಟು. ಅಮ್ಮ ಒಂದು ಮಾತೂ ಆಡಲಿಲ್ಲ, ತೆಗೆದು ನೆರಳಲ್ಲಿ ಹರವಿದರು. ನನಗೆ ಅದನ್ನು ನೋಡಲಾಗಲಿಲ್ಲ.

ಗುತ್ತಿಗೆದಾರರು ಫೋನಿನಲ್ಲಿ "ಹೊಸ ಸಿಮೆಂಟಿನ ತೇವ ಮೇಡಂ, ಆರುತ್ತೆ" ಅಂದರು. ನಾಲ್ಕು ತಿಂಗಳಾದರೂ ಆರದ ತೇವ ಯಾವುದು? ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಕೊನೆಗೆ ಮಂಡ್ಯದಲ್ಲಿರುವ ನನ್ನ ಭಾವ ಅಲ್ಲಿಂದ ಒಬ್ಬ ವಯಸ್ಸಾದ ಪ್ಲಂಬರನ್ನು ಕರೆತಂದರು. ಅವರು ಬಂದವರೇ ಸುತ್ತಿಗೆ ತೆಗೆಯಲಿಲ್ಲ. ಮಹಡಿಗೆ ಹೋಗಿ ಸೋಲಾರಿನಿಂದ ಕೆಳಗೆ ಬರುವ ಲೈನಿನ ವಾಲ್ವ್ ಮುಚ್ಚಿದರು. "ನಾಳೆ ಬತ್ತೀನಿ, ಇದ ಮುಟ್ಬೇಡಿ" ಅಂದರು. ಮರುದಿನ ಟೈಲ್ಸ್ ತಣ್ಣಗಾಗಿತ್ತು. ಹೆಚ್ಚಿನ ಖರ್ಚಿಲ್ಲದೆ, ಒಂದು ಟೈಲ್ಸೂ ಒಡೆಯದೆ, ಸೋರುತ್ತಿರುವುದು ಬಿಸಿನೀರಿನ ಲೈನೇ ಅಂತ ಖಚಿತವಾಯಿತು. ತಣ್ಣೀರಿನ ಲೈನಿಗೂ ಇದೇ ರೀತಿ ನೋಡಬಹುದು. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಓವರ್‌ಹೆಡ್ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿ. ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಬೀದಿಯಿಂದ ಸಂಪಿಗೆ ಬರುವ ಲೈನಿನ ಮೇಲೆ ಅನುಮಾನವಿದ್ದರೆ ನೀರು ಬಿಡುವ ಹೊತ್ತಿನಲ್ಲಿ ಸಂಪಿನ ವಾಲ್ವ್ ಮುಚ್ಚಿ ಮೀಟರ್ ನೋಡಿ. ಮುಳ್ಳು ತಿರುಗಬಾರದು.

ಟೈಲ್ಸ್ ಎಬ್ಬಿಸಿ ಸಿಮೆಂಟ್ ಬಿಡಿಸಿದಾಗ ಅವರು ತಲೆ ಮೇಲೆ ಕೈ ಇಟ್ಟುಕೊಂಡರು. "ಅಲ್ಲ ಕಣವ್ವಾ, ಬಿಸ್ನೀರ್‌ಗೆ ಬಿಳಿ ಪೈಪ್ ಹಾಕವ್ರಲ್ಲಾ! ಪಂಪ್ ಹಾಕಿ ಟೆಸ್ಟ್ ಮಾಡ್ಲಿಲ್ವಾ?"

ಹಾಗೊಂದು ಟೆಸ್ಟ್ ಇದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಎಲ್ಲ ಲೈನಿನ ತುದಿಗೂ ಪ್ಲಗ್ ಹಾಕಿ, ನೀರು ತುಂಬಿಸಿ, ಗಾಳಿ ಹೊರಗೆ ಬಿಟ್ಟು, ಒಂದು ಕೈಪಂಪಿನಿಂದ ಒತ್ತಡ ಏರಿಸುತ್ತಾರೆ. ಪಂಪಿಗೆ ಗೇಜ್ ಇರುತ್ತದೆ. ನಮ್ಮ ಮನೆಯಲ್ಲಿ ಮಂಡ್ಯದ ಪ್ಲಂಬರ್ ಒತ್ತಡವನ್ನು ಚದರ ಸೆಂಟಿಮೀಟರಿಗೆ ಏಳು ಕೆಜಿಗೆ ಏರಿಸಿ ಎರಡು ಗಂಟೆ ಬಿಟ್ಟರು. ಮುಳ್ಳು ಇಳಿದರೆ ಎಲ್ಲೋ ಜಾಯಿಂಟ್ ಸೋರುತ್ತಿದೆ ಅಂತ ಅರ್ಥ. ಗಮ್ ಹಾಕಿದ ದಿನವೇ ಮಾಡುವ ಹಾಗಿಲ್ಲ, ಒಂದು ದಿನ ಒಣಗಬೇಕು. ಪಂಪು ಬಾಡಿಗೆಗೂ ಸಿಗುತ್ತದೆ. ಗೋಡೆಗೆ ಪ್ಲಾಸ್ಟರ್ ಆಗುವ ಮುಂಚೆ, ನೆಲಕ್ಕೆ ಟೈಲ್ಸ್ ಬರುವ ಮುಂಚೆ, ನೀವು ಎದುರಿಗೆ ಕೂತು ಆ ಮುಳ್ಳನ್ನು ನೋಡಿ. ಬಚ್ಚಲುಮನೆಯ ವಾಟರ್‌ಪ್ರೂಫಿಂಗ್ ಆದಮೇಲೂ ಹಾಗೇ, ನೀರು ಹೊರಹೋಗುವ ನಹಾನಿ ಟ್ರ್ಯಾಪ್ ಮುಚ್ಚಿ ನೀರು ಕಟ್ಟಿ 24 ಗಂಟೆ ಬಿಡಬೇಕು. ಕೆಳಗಿನ ಸೀಲಿಂಗ್, ಪಕ್ಕದ ಗೋಡೆ ಒಣಗಿರಬೇಕು. "ಟೈಮಿಲ್ಲ" ಅಂದವರನ್ನು ಅಲ್ಲೇ ನಿಲ್ಲಿಸಿ.

ಇನ್ನು ಟೈಲ್ಸ್ ಕಥೆ. ಎಬ್ಬಿಸುವಾಗ ಉಳಿ ಹಾಕುವ ಅಗತ್ಯವೇ ಬೀಳಲಿಲ್ಲ. ಕೈಗೆ ಹಾಗೇ ಎದ್ದುಬಂತು. ಕೆಳಗೆ ಅಪ್ಪನ ಕಾಲದ ರೆಡ್ ಆಕ್ಸೈಡ್ ನೆಲ ಕನ್ನಡಿಯ ಹಾಗಿತ್ತು. ವರ್ಷಗಟ್ಟಲೆ ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ ನೆಲ ಅದು. ಅಷ್ಟು ನುಣುಪಿನ ಮೇಲೆ ಬರೀ ಸಿಮೆಂಟ್ ಹಾಲು ಸುರಿದು ವಿಟ್ರಿಫೈಡ್ ಟೈಲ್ಸ್ ಕೂರಿಸಿದ್ದರು. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಅರ್ಧ ಪರ್ಸೆಂಟಿಗಿಂತ ಕಡಿಮೆ. ಅದೇ ಅದರ ಗಟ್ಟಿತನ, ಆದರೆ ಅದೇ ಕಾರಣಕ್ಕೆ ಬರೀ ಸಿಮೆಂಟ್ ಅದನ್ನು ಹಿಡಿಯುವುದಿಲ್ಲ. ಟೈಲ್ಸಿಗೆಂದೇ ಇರುವ ಅಂಟು, ಅಂದರೆ ಟೈಲ್ ಅಡೆಸಿವ್ ಬೇಕು, ಹಳೆಯ ನೆಲದ ಎಣ್ಣೆ ತೆಗೆದು ಉಳಿಯಿಂದ ಕಚ್ಚು ಹೊಡೆದು ಒರಟು ಮಾಡಬೇಕು, ಟೈಲ್ಸ್ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಬಿಡಬೇಕು. ನಮ್ಮಲ್ಲಿ ಮೂರೂ ಇರಲಿಲ್ಲ. ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಕೆಳಗೆ ಹಿಡಿತವಿಲ್ಲ. ದುಡ್ಡು ಕೊಡುವ ಮುಂಚೆ ತಟ್ಟಿ.

ನಿಜ ಹೇಳಬೇಕೆಂದರೆ ಆ ಕೆಂಪು ನೆಲಕ್ಕೆ ಟೈಲ್ಸೇ ಬೇಕಿರಲಿಲ್ಲ. ಕೂದಲೆಳೆಯಂಥ ಬಿರುಕುಗಳನ್ನು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ನಿಮ್ಮ ಮನೆಯಲ್ಲಿ ಅಂಥ ನೆಲ ಇದ್ದರೆ ಮುಚ್ಚುವ ಮುಂಚೆ ಒಂದು ತಿಂಗಳು ಯೋಚಿಸಿ. ಮುಚ್ಚಿದರೆ ನೆಲ ಏರುತ್ತದೆ, ಬಾಗಿಲುಗಳ ಬುಡ ಕುಯ್ಯಬೇಕು, ಬಚ್ಚಲಿನ ಹೊಸ್ತಿಲೂ ಸಣ್ಣದಾಗುತ್ತದೆ.

ಅಂಗಡಿಯಲ್ಲಿ ಹೊಳಪಿಗೆ ಮರುಳಾದದ್ದು ಇನ್ನೊಂದು ತಪ್ಪು. ಹಾಲ್‌ಗೆ ಹಾಕುವ ಟೈಲ್ಸನ್ನೇ ಬಚ್ಚಲಿಗೂ ಹಾಕಿದರೆ ಮ್ಯಾಚ್ ಆಗುತ್ತೆ ಅಂದರು. ಅಮ್ಮನಿಗೆ ಈಗ 71. ಎರಡು ಸಲ ಜಾರಿ ಗೋಡೆ ಹಿಡಿದುಕೊಂಡರು. ಟೈಲ್ಸಿಗೆ ಜಾರದಿರುವ ಗುಣಕ್ಕೆ ಆರ್9ರಿಂದ ಆರ್13ರವರೆಗೆ ಗುರುತು ಇದೆ, ಸಂಖ್ಯೆ ಜಾಸ್ತಿಯಾದಷ್ಟೂ ಹಿಡಿತ ಜಾಸ್ತಿ. ಈಗ ಬಚ್ಚಲಿಗೆ ಆರ್11 ಮ್ಯಾಟ್ ಹಾಕಿಸಿದ್ದೇವೆ. ಅಂಗಡಿಯಲ್ಲೇ ಒಂದು ಟೈಲ್ಸ್ ಮೇಲೆ ನೀರು ಸುರಿದು ಬರಿಗಾಲಲ್ಲಿ ನಿಂತು ನೋಡಿ, ಸಂಕೋಚ ಬೇಡ. ಕೋಟಾ ಕಲ್ಲೂ ಬಾಳಿಕೆ ಬರುತ್ತದೆ. ಆದರೆ ಅದು ಸುಣ್ಣದ ಕಲ್ಲು. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಆಸಿಡ್ ಹಾಕಿ ಉಜ್ಜುವ ಅಭ್ಯಾಸ ಇದ್ದರೆ ಅದು ಬೇಡ.

ಒಡೆದ ಟೈಲ್ಸಿನ ಬದಲು ಅದೇ ಶೇಡ್ ಸಿಗಲಿಲ್ಲ. ಡಬ್ಬದ ಮೇಲೆ ಬ್ಯಾಚ್ ನಂಬರ್, ಶೇಡ್ ಗುರುತು ಇರುತ್ತದೆ, ಬ್ಯಾಚ್ ಬದಲಾದರೆ ಬಣ್ಣವೂ ಸ್ವಲ್ಪ ಬದಲು. ಒಂದು ಡಬ್ಬ ಹೆಚ್ಚಿಗೆ ತೆಗೆದು ಅಟ್ಟದ ಮೇಲೆ ಇಡಿ. ನಮ್ಮ ಪ್ಯಾಸೇಜಿಗೆ ಕೊನೆಗೆ ಚಾಮರಾಜನಗರದ ಕಪ್ಪು ಗ್ರಾನೈಟ್ ಪಟ್ಟಿ ಹಾಕಿಸಿದೆವು.

ಎರಡನೇ ಸಲದ ಖರ್ಚು ಒಂದು ಲಕ್ಷದ ನಲವತ್ತು ಸಾವಿರ. ಬೀರು, ಬಣ್ಣ ಎಲ್ಲ ಸೇರಿ. ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೆಲಸಕ್ಕೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. 1915ಕ್ಕೆ ಫೋನ್ ಮಾಡಿಯೂ ಕೇಳಬಹುದು. ಆದರೆ ನಮ್ಮ ಹತ್ತಿರ ಬಿಲ್ ಇಲ್ಲ. ಮುಕ್ಕಾಲು ಪಾಲು ನಗದು, ಅದೂ ಕೆಲಸ ಮುಗಿಯುವ ಮುಂಚೆಯೇ. ಈ ಸಲ ಪ್ರತಿ ಸಾಮಾನಿಗೂ ಬಿಲ್ ತೆಗೆದುಕೊಂಡೆವು. ಪೈಪು ಮುಚ್ಚುವ ಮುಂಚೆ ಪಕ್ಕದಲ್ಲಿ ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದೆ. ಮುಂದೆ ಟವಲ್ ರಾಡಿಗೆ ಡ್ರಿಲ್ ಮಾಡುವಾಗ ಬೇಕೇ ಬೇಕು. ಸ್ವಲ್ಪ ಹಣವನ್ನು ಒಂದು ತಿಂಗಳು ನೀರು ಬಳಸಿದ ಮೇಲೆ ಕೊಡುತ್ತೇವೆ ಅಂತ ಮೊದಲೇ ಹೇಳಿದ್ದೆವು. ಮಂಡ್ಯದವರು ಬೇಸರ ಮಾಡಿಕೊಳ್ಳಲಿಲ್ಲ.

ಹಾಲಿನಲ್ಲಿ ಟೊಳ್ಳು ಸದ್ದಿನ ಟೈಲ್ಸ್ ಇನ್ನೂ 11 ಇವೆ. ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಆಷಾಢ ಕಳೆದ ಮೇಲೆ ಹಾಲಿನ ಟೈಲ್ಸ್ ಪೂರ್ತಿ ಎಬ್ಬಿಸಿ, ಕೆಳಗಿನ ಕೆಂಪು ನೆಲ ಎಷ್ಟು ಉಳಿದಿದೆ ಅಂತ ನೋಡುತ್ತೇವೆ. ಅಮ್ಮ ಈಗಲೇ ಕೊಬ್ಬರಿ ಎಣ್ಣೆ ತರಿಸಿಟ್ಟಿದ್ದಾರೆ.